ಟ್ಯಾಂಕಿನ ಕವಚ, ಗನ್‌ಸೈಟ್ ಕೆಲಸಕ್ಕೆ ಹುಬ್ಬಳ್ಳಿ-ಧಾರವಾಡದಲ್ಲಿ ಪರೀಕ್ಷಾ ಕೇಂದ್ರ ಕೊಡಿ: ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಬೃಹತ್ ಮತ್ತು ಮಧ್ಯಮ ಕೈಗಾರಿಕಾ ಸಚಿವರು, ಕರ್ನಾಟಕ ಸರ್ಕಾರ,
ಜಂಟಿ ನಿರ್ದೇಶಕರು, ಜಿಲ್ಲಾ ಕೈಗಾರಿಕಾ ಕೇಂದ್ರ, ಧಾರವಾಡ,
ಹಾಗೂ ಹುಬ್ಬಳ್ಳಿ-ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಮುಖ್ಯಸ್ಥರು.

ಮಾನ್ಯರೇ,

ರಕ್ಷಣಾ ಬಿಡಿಭಾಗಗಳ ಕೆಲಸ ನಮ್ಮ ಭಾಗಕ್ಕೂ ಬರಬೇಕೆಂಬ ಮಾತು ಉದ್ಯಮಿಗಳ ಸಭೆಗಳಲ್ಲಿ ತಪ್ಪದೆ ಕೇಳಿಬರುತ್ತದೆ. ಅದಕ್ಕೆ ಸಿಗುವ ಉತ್ತರ ಹೆಚ್ಚಾಗಿ ಜಾಗದ್ದು: ಇಷ್ಟು ಎಕರೆ, ಇಷ್ಟು ರಿಯಾಯಿತಿ. ಗೋಕುಲ ರಸ್ತೆ, ತಾರಿಹಾಳ, ಬೇಲೂರಿನ ವರ್ಕ್‌ಶಾಪುಗಳಿಗೆ ಈಗ ಕೊರತೆಯಾಗಿರುವುದು ಒಂದೇ. ಮಾಡಿದ ಜಾಬ್ (ಬಿಡಿಭಾಗ) ಸೇನೆಯ ಮಾನದಂಡಕ್ಕೆ ಕೂಡುತ್ತದೋ ಇಲ್ಲವೋ ಎಂದು ಇಲ್ಲೇ, ಅದೇ ವಾರದಲ್ಲಿ ತಿಳಿಸುವ ಅಳತೆ ಮತ್ತು ಪರೀಕ್ಷಾ ಕೇಂದ್ರ ನಮಗಿಲ್ಲ. ಅದು ಯಾಕೆ ಬೇಕು, ಅದರಲ್ಲಿ ಏನಿರಬೇಕು ಎಂಬುದನ್ನು ಟ್ಯಾಂಕಿನ ಉದಾಹರಣೆ ಹಿಡಿದೇ ಹೇಳುತ್ತೇವೆ. ಯಾಕೆಂದರೆ ಮುಂದಿನ ಹಲವು ವರ್ಷ ಟ್ಯಾಂಕ್ ಮೇಲ್ದರ್ಜೆಗೇರಿಸುವ ಕೆಲಸ ನಿಲ್ಲುವಂಥದ್ದಲ್ಲ.

2022ರ ಫೆಬ್ರುವರಿಯಲ್ಲಿ ರಕ್ಷಣಾ ಸಚಿವಾಲಯ 957 ಟಿ-90 ಟ್ಯಾಂಕುಗಳ ಕಮಾಂಡರ್ ಸೈಟ್ (ಕಮಾಂಡರ್ ಗುರಿ ನೋಡುವ ಉಪಕರಣ) ಬದಲಿಸಲು ಭಾರತ್ ಎಲೆಕ್ಟ್ರಾನಿಕ್ಸ್ (ಬಿಇಎಲ್) ಜೊತೆ 1,075 ಕೋಟಿ ರೂಪಾಯಿಯ ಒಪ್ಪಂದ ಮಾಡಿಕೊಂಡಿತು. ಹಳೆಯ ಸೈಟ್ ಇಮೇಜ್ ಕನ್ವರ್ಟರ್ ಟ್ಯೂಬಿನದು. ಹೊಸದರಲ್ಲಿ 8 ಕಿ.ಮೀ. ದೂರದ ಗುರಿಯನ್ನು ಹಗಲು ರಾತ್ರಿ ಪತ್ತೆ ಮಾಡುವ ಥರ್ಮಲ್ ಕ್ಯಾಮೆರಾ, 5 ಕಿ.ಮೀ.ವರೆಗೆ ದೂರ ಅಳೆಯುವ ಲೇಸರ್ ಎರಡೂ ಇವೆ. 2021ರ ಸೆಪ್ಟೆಂಬರಿನಲ್ಲಿ 118 ಅರ್ಜುನ್ ಮಾರ್ಕ್-1ಎ ಟ್ಯಾಂಕುಗಳಿಗೆ ಆರ್ಡರ್ ಹೋಯಿತು. 2025ರ ಮಾರ್ಚಿನಲ್ಲಿ ಟಿ-72ರ 780 ಅಶ್ವಶಕ್ತಿಯ ಎಂಜಿನ್ ಜಾಗಕ್ಕೆ 1,000 ಅಶ್ವಶಕ್ತಿಯದನ್ನು ತರುವ ಒಪ್ಪಂದವಾಯಿತು. ದೊಡ್ಡ ಸಂಸ್ಥೆಗಳು ಕ್ಯಾಮೆರಾ, ಲೇಸರ್, ಎಂಜಿನ್ ನೋಡಿಕೊಳ್ಳುತ್ತವೆ. ಆದರೆ ಪ್ರತಿ ಸೈಟಿನ ಹಿಂದೆ ಬ್ರ್ಯಾಕೆಟ್, ಹೌಸಿಂಗ್, ಅಡಾಪ್ಟರ್ ರಿಂಗ್, ಕಿಟಕಿಯ ಫ್ರೇಮ್, ಕೇಬಲ್ ಗ್ಲ್ಯಾಂಡ್ ಇರುತ್ತವೆ. ಪ್ರತಿ ಕವಚದ ಹಿಂದೆ ಡಬ್ಬಿ, ಸ್ಟಡ್, ಕೀಲು, ಗಾರ್ಡ್ ಇರುತ್ತವೆ. ಇವು ಸಣ್ಣ ವರ್ಕ್‌ಶಾಪ್ ಮಾಡಬಹುದಾದ ಕೆಲಸಗಳು, ಮಾಡಿ ಕೆಡಿಸಬಹುದಾದ ಕೆಲಸಗಳೂ ಹೌದು.

ಬ್ರ್ಯಾಕೆಟ್ಟಿನಿಂದಲೇ ಆರಂಭಿಸುತ್ತೇವೆ. ಸೈಟಿನ ಹೌಸಿಂಗ್ ಅಲ್ಯೂಮಿನಿಯಂ, ಅದು ಕೂರುವ ಟರೆಟ್ಟಿನ (ಗನ್ ಹೊತ್ತು ತಿರುಗುವ ಗೋಪುರದ) ಮೇಲ್ಭಾಗ ಉಕ್ಕು. ಒಂದು ಡಿಗ್ರಿ ಶಾಖ ಏರಿದರೆ ಒಂದು ಮೀಟರ್ ಅಲ್ಯೂಮಿನಿಯಂ 23 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲೊಂದು ಭಾಗ ಒಂದು ಮೈಕ್ರಾನ್) ಹಿಗ್ಗುತ್ತದೆ, ಉಕ್ಕು ಸುಮಾರು 12 ಮೈಕ್ರಾನ್. ಎರಡು ಪಾದಗಳ ನಡುವೆ 300 ಮಿ.ಮೀ. ಅಂತರವಿದ್ದು, ಬೆಳಗಿನ ಜಾವಕ್ಕೂ ಮಧ್ಯಾಹ್ನಕ್ಕೂ 30 ಡಿಗ್ರಿ ವ್ಯತ್ಯಾಸವಾದರೆ ಎರಡರ ಹಿಗ್ಗುವಿಕೆಯಲ್ಲಿ 0.1 ಮಿ.ಮೀ. ಅಂತರ ಬರುತ್ತದೆ. ಎರಡೂ ಪಾದಗಳನ್ನು ಬಿಗಿಯಾಗಿ ಬೋಲ್ಟ್ ಮಾಡಿದ್ದರೆ ಆ 0.1 ಮಿ.ಮೀ. ಹೋಗಲು ದಾರಿಯಿಲ್ಲದೆ ಹೌಸಿಂಗ್ ಡೊಂಕಾಗುತ್ತದೆ. ಒಂದು ತುದಿ ಅಷ್ಟೇ ಎದ್ದರೂ ಕೋನ 0.33 ಮಿಲಿರೇಡಿಯನ್ ತಪ್ಪುತ್ತದೆ, 2 ಕಿ.ಮೀ. ದೂರದಲ್ಲಿ ಅದು 67 ಸೆಂ.ಮೀ. ಟಿ-90ರ ಎತ್ತರವೇ 2.2 ಮೀಟರ್ ಆಸುಪಾಸು. ಅಂಥ ಗುರಿಯ ನಡುಮಧ್ಯಕ್ಕೆ ಇಟ್ಟ ಗುಂಡಿಗೆ ಮೇಲೆ ಕೆಳಗೆ ಇರುವ ಅವಕಾಶ 1.1 ಮೀಟರ್ ಮಾತ್ರ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಒಂದು ಬ್ರ್ಯಾಕೆಟ್ ತಿಂದುಹಾಕಿದರೆ ಗಾಳಿ, ಮದ್ದಿನ ಶಾಖ, ನಳಿಕೆಯ ಸವೆತ, ನಳಿಕೆಯ ಬಾಗು ಇವಕ್ಕೆಲ್ಲ ಉಳಿಯುವುದೇನು? ಇದಕ್ಕೆ ಮದ್ದು ಹಳೆಯದೇ: ಒಂದು ಪಾದಕ್ಕೆ ದುಂಡು ಡೋವೆಲ್ (ಜಾಗ ಹಿಡಿಸುವ ಪಿನ್), ಇನ್ನೊಂದಕ್ಕೆ ಉದ್ದನೆಯ ಸ್ಲಾಟಿನಲ್ಲಿ ಕೂರುವ ಚಪ್ಪಟೆ ಮಾಡಿದ ಡೋವೆಲ್, ಮೂರು ಪ್ಯಾಡುಗಳ ಮೇಲೆ ಕೂರಿಸುವುದು. ಹಿಗ್ಗುವಿಕೆಗೆ ಒಂದೇ ದಿಕ್ಕಿನಲ್ಲಿ ದಾರಿ ಸಿಗುತ್ತದೆ, ಕೋನ ಉಳಿಯುತ್ತದೆ. ನಾಲ್ಕು ಪ್ಯಾಡ್ ಇಟ್ಟರೆ ಒಂದು ಯಾವಾಗಲೂ ಮೇಲೆ ಅಥವಾ ಕೆಳಗೆ ಇರುತ್ತದೆ, ಬೋಲ್ಟ್ ಬಿಗಿದಾಗ ಹೌಸಿಂಗ್ ತಿರುಚುತ್ತದೆ.

ಈಗ ಅಳತೆಯ ಮಾತು. ಮೇ ತಿಂಗಳಲ್ಲಿ 35 ಡಿಗ್ರಿಯಿರುವ ಶೆಡ್ಡಿನಲ್ಲಿ ಉಕ್ಕಿನ ಉಪಕರಣ ಹಿಡಿದು 300 ಮಿ.ಮೀ. ಉದ್ದದ ಅಲ್ಯೂಮಿನಿಯಂ ಜಾಬ್ ಅಳೆದರೆ, 20 ಡಿಗ್ರಿಯಲ್ಲಿ ಸಿಗುವುದಕ್ಕಿಂತ ಸುಮಾರು 50 ಮೈಕ್ರಾನ್ ಹೆಚ್ಚು ತೋರಿಸುತ್ತದೆ. ಡ್ರಾಯಿಂಗಿನಲ್ಲಿ ಬರೆದ ಅಳತೆಗಳೆಲ್ಲ 20 ಡಿಗ್ರಿಗೆ ಸಂಬಂಧಿಸಿದವು, ಇದು ಅಂತರರಾಷ್ಟ್ರೀಯ ನಿಯಮ. ಡೋವೆಲ್ ರಂಧ್ರಗಳ ಅಂತರಕ್ಕೆ 20 ಮೈಕ್ರಾನ್ ಹೆಚ್ಚುಕಡಿಮೆ ಬಿಟ್ಟಿದ್ದರೆ ಆಪರೇಟರ್ ಕೈ ಎಷ್ಟೇ ಪಳಗಿರಲಿ, ಯಂತ್ರ ಎಷ್ಟೇ ಹೊಸದಿರಲಿ, ಆ ಶೆಡ್ಡಿನಲ್ಲಿ ಸರಿಯಾದ ಜಾಬ್ ಯಾವುದು, ತಪ್ಪಿದ್ದು ಯಾವುದು ಎಂದು ಹೇಳಲು ಬರುವುದಿಲ್ಲ. ಸ್ಯಾಂಪಲ್ ಟ್ಯಾಂಕ್ ಕಾರ್ಖಾನೆಯಿರುವ ಆವಡಿಗೋ, ಸೈಟ್ ಕೆಲಸ ನಡೆಯುವ ಡೆಹ್ರಾಡೂನಿಗೋ ಹೋಗಿ, ಅಲ್ಲಿನ ತಣ್ಣನೆಯ ಕೋಣೆಯಲ್ಲಿ ಅಳೆಯಲ್ಪಟ್ಟು, ತಿರಸ್ಕೃತವಾಗಿ ಮರಳುವಷ್ಟರಲ್ಲಿ ತಿಂಗಳುಗಳು ಕಳೆದಿರುತ್ತವೆ. ಸಣ್ಣ ಮಾಲೀಕನಿಗೆ ಎರಡನೇ ಸಲ ಸ್ಯಾಂಪಲ್ ಮಾಡುವ ಧೈರ್ಯ ಅಲ್ಲಿಗೇ ಮುಗಿಯುತ್ತದೆ.

ಆನೊಡೈಸಿಂಗ್, ಅಂದರೆ ಅಲ್ಯೂಮಿನಿಯಂ ಮೇಲೆ ವಿದ್ಯುತ್ತಿನಿಂದ ಗಟ್ಟಿ ಆಕ್ಸೈಡ್ ಪದರ ಬೆಳೆಸುವುದು, ಇನ್ನೊಂದು ಬಲೆ. 50 ಮೈಕ್ರಾನ್ ಹಾರ್ಡ್ ಆನೊಡೈಸಿಂಗ್ ಎಂದು ಡ್ರಾಯಿಂಗ್ ಹೇಳಿದರೆ ಅದರಲ್ಲಿ ಅರ್ಧ ಲೋಹದ ಒಳಕ್ಕೆ, ಅರ್ಧ ಹೊರಕ್ಕೆ ಬೆಳೆಯುತ್ತದೆ. ರಂಧ್ರದ ವ್ಯಾಸ 50 ಮೈಕ್ರಾನ್ ಕುಗ್ಗುತ್ತದೆ, 8 ಮಿ.ಮೀ. ಎಚ್7 ದರ್ಜೆಯ ರಂಧ್ರಕ್ಕೆ ಬಿಟ್ಟಿರುವ ಹೆಚ್ಚುಕಡಿಮೆಯೇ 15 ಮೈಕ್ರಾನ್. ಡೋವೆಲ್ ಒಳಗೆ ಹೋಗುವುದಿಲ್ಲ. ಆಗ ಅಸೆಂಬ್ಲಿಯವರು ರೀಮರ್ ಹಾಕಿ ದಾರಿ ಮಾಡುತ್ತಾರೆ, ಪದರ ಕಿತ್ತುಹೋಗುತ್ತದೆ, ಅಲ್ಲಿಂದಲೇ ತುಕ್ಕು ಹಿಡಿಯಲು ಶುರು. ಥ್ರೆಡ್ಡಿನಲ್ಲಿ ಇನ್ನೂ ಕಷ್ಟ: 60 ಡಿಗ್ರಿ ಥ್ರೆಡ್ಡಿನ ಪಿಚ್ ವ್ಯಾಸ, ಹೊರಕ್ಕೆ ಬೆಳೆದ ಪದರದ ನಾಲ್ಕು ಪಟ್ಟು ಬದಲಾಗುತ್ತದೆ. 25 ಮೈಕ್ರಾನಿಗೆ 0.1 ಮಿ.ಮೀ. ಆದ್ದರಿಂದ ಪದರದ ಲೆಕ್ಕವನ್ನು ಮೊದಲೇ ಕಳೆದು ಮೆಷಿನಿಂಗ್ ಮಾಡಬೇಕು, ಇಲ್ಲವೇ ರಂಧ್ರಕ್ಕೆ ಮಾಸ್ಕ್ ಹಾಕಿ ಆಮೇಲೆ ತೆಳುವಾದ ರಾಸಾಯನಿಕ ಲೇಪ ಕೊಡಬೇಕು. ಸೈಟ್ ಕೂರುವ ಮುಖಕ್ಕೆ ಪೇಂಟ್ ಬೀಳಬಾರದು. ಅಳತೆ ಕೆಡುತ್ತದೆ ಎಂಬುದು ಒಂದು ಕಾರಣ. ಕ್ಯಾಮೆರಾ ತಣಿಸುವ ಯಂತ್ರ ಹೊರಹಾಕುವ ಶಾಖ ಅದೇ ಮುಖದ ಮೂಲಕ ಹರಿದುಹೋಗಬೇಕು ಎಂಬುದು ಇನ್ನೊಂದು. 3ರಿಂದ 5 ಮೈಕ್ರಾನ್ ಅಲೆಯುದ್ದದಲ್ಲಿ ನೋಡುವ ಡಿಟೆಕ್ಟರುಗಳಲ್ಲಿ ಬಹಳಷ್ಟನ್ನು ಮೈನಸ್ 196 ಡಿಗ್ರಿಯ ಆಸುಪಾಸಿಗೆ ಇಳಿಸಬೇಕಾಗುತ್ತದೆ. ಬಿಸಿಲಿಗೆ ನಿಂತ ಟ್ಯಾಂಕಿನ ಮೇಲ್ಭಾಗ ಮರುಭೂಮಿಯಲ್ಲಿ 60 ಡಿಗ್ರಿ ದಾಟುತ್ತದೆ. ಆ ಶಾಖಕ್ಕೆ ದಾರಿ ಕಟ್ಟಿದರೆ ಕೂಲರ್ ಎಡೆಬಿಡದೆ ದುಡಿದು ಬೇಗ ಸಾಯುತ್ತದೆ.

ಸೀಲಿಂಗ್ ವಿಷಯದಲ್ಲಿ ಹುಬ್ಬಳ್ಳಿಗೆ ಹೇಳಿಕೊಡಬೇಕಾದ್ದು ಕಡಿಮೆ. ವಾಲ್ವ್ ತಯಾರಿಕೆಯಲ್ಲಿ ಕೈ ಪಳಗಿದ ಊರು ಇದು. ಸೀಟನ್ನು ಲ್ಯಾಪಿಂಗ್ ಮಾಡಿ, ಆಪ್ಟಿಕಲ್ ಫ್ಲ್ಯಾಟ್ (ತೀರ ಸಮತಟ್ಟಾದ ಗಾಜು) ಇಟ್ಟು, ಬೆಳಕಿನ ಪಟ್ಟಿ ಎಣಿಸಿ ಮುಖದ ಸಮತಟ್ಟು ಹೇಳುವವರು ಇಲ್ಲಿದ್ದಾರೆ. ಒಂದು ಪಟ್ಟಿ ಎಂದರೆ ಸುಮಾರು 0.3 ಮೈಕ್ರಾನ್. ಸೈಟ್ ಹೌಸಿಂಗಿಗೆ ಅಷ್ಟು ನಯ ಬೇಕಿಲ್ಲ, ಆದರೆ ಅದೇ ಶಿಸ್ತು ಬೇಕು. ಸೈಟಿನೊಳಗೆ ಒಣ ನೈಟ್ರೋಜನ್ ತುಂಬುತ್ತಾರೆ. ಅದು ಸೋರಿ ತೇವದ ಗಾಳಿ ಒಳಗೆ ಬಂದರೆ ರಾತ್ರಿ ಶಾಖ ಇಳಿದ ಕೂಡಲೇ ಲೆನ್ಸಿನ ಒಳಮುಖಕ್ಕೆ ಮಂಜು ಕೂರುತ್ತದೆ, ಅದನ್ನು ಒರೆಸಲು ಯಾರಿಂದಲೂ ಆಗದು. ಓ-ರಿಂಗ್ ತನ್ನ ದಪ್ಪದ ಶೇ. 15ರಿಂದ 25ರಷ್ಟು ಅಮುಕಿ ಕೂರಬೇಕು. ಕಡಿಮೆಯಾದರೆ ಚಳಿಗೆ ರಬ್ಬರ್ ಗಟ್ಟಿಯಾದಾಗ ಸೋರುತ್ತದೆ, ಹೆಚ್ಚಾದರೆ ಒಂದು ಬೇಸಿಗೆಯಲ್ಲೇ ಚಪ್ಪಟೆಯಾಗಿ ಉಳಿಯುತ್ತದೆ. ಪರೀಕ್ಷೆಗೆ ಸಾಮಾನ್ಯವಾಗಿ 0.3 ಬಾರ್ ಆಸುಪಾಸಿನ ಒತ್ತಡ ಕೊಟ್ಟು ಇಳಿಕೆ ನೋಡುತ್ತಾರೆ. ಎಡವುವುದು ಇಲ್ಲೇ: ಕೋಣೆಯ ಶಾಖ 2 ಡಿಗ್ರಿ ಬದಲಾದರೆ ಒಳಗಿನ ಒತ್ತಡ ತಾನಾಗಿಯೇ 8 ಮಿಲಿಬಾರ್‌ಗೂ ಹೆಚ್ಚು ಏರಿಳಿಯುತ್ತದೆ. ಸಂಜೆ ಶೆಡ್ ತಣ್ಣಗಾದರೆ ಒಳ್ಳೆಯ ಜಾಬ್ ಸೋರಿದಂತೆ ಕಾಣುತ್ತದೆ, ಬೆಳಿಗ್ಗೆ ಬಿಸಿಯೇರಿದರೆ ಸೋರುವ ಜಾಬ್ ಪಾಸಾಗುತ್ತದೆ. ವಾಲ್ವಿನ ಹೆಚ್ಚಿನ ಒತ್ತಡದ ಪರೀಕ್ಷೆಯಲ್ಲಿ ಈ ವ್ಯತ್ಯಾಸ ಮುಳುಗಿಹೋಗುತ್ತದೆ, ಇಲ್ಲಿ ಅದೇ ತೀರ್ಪು ಕೊಡುತ್ತದೆ. ಶಾಖ ನಿಯಂತ್ರಿತ ಕೋಣೆಗಾಗಿ ನಾವು ಹಟ ಹಿಡಿದಿರುವುದು ಇದಕ್ಕೇ.

ಕಿಟಕಿಯ ಬಗ್ಗೆ ಹೆಚ್ಚು ಹೇಳುವುದಿಲ್ಲ. ಥರ್ಮಲ್ ಸೈಟಿಗೆ ಮಾಮೂಲಿ ಗಾಜು ನಡೆಯದು, ಜರ್ಮೇನಿಯಂ, ಸಿಲಿಕಾನಿನಂಥ ವಸ್ತು ಬೇಕು. 2023ರ ಆಗಸ್ಟಿನಿಂದ ಚೀನಾ ಜರ್ಮೇನಿಯಂ ರಫ್ತಿಗೆ ಪರವಾನಗಿ ಕಡ್ಡಾಯ ಮಾಡಿದೆ. ಹೀಗಾಗಿ ಒಂದು ಕಿಟಕಿ ಗೀರಿ ಹಾಳಾದರೆ ಬದಲಿ ಸಿಗುವುದು ಸುಲಭವಲ್ಲ. ಫ್ರೇಮಿನ ಮೂಲೆಯಲ್ಲಿ ಮರಳು ನಿಲ್ಲದಂತೆ ಇಳಿಜಾರು ಕೊಡುವುದು, ಒಣ ಬಟ್ಟೆಯಲ್ಲಿ ಉಜ್ಜುವ ಮೊದಲು ಧೂಳು ಊದಿ ತೆಗೆಯುವುದು, ಇಷ್ಟರಿಂದಲೇ ಕಿಟಕಿಯ ಆಯಸ್ಸು ಬಹಳ ಹೆಚ್ಚುತ್ತದೆ.

ಲೇಸರ್, ಥರ್ಮಲ್, ಹಗಲಿನ ದುರ್ಬೀನು ಈ ಮೂರೂ ಒಂದೇ ಬಿಂದುವನ್ನು ನೋಡುತ್ತಿರಬೇಕು. ಲೇಸರ್ 0.5 ಮಿಲಿರೇಡಿಯನ್ ತಪ್ಪಿದರೆ 3 ಕಿ.ಮೀ. ದೂರದಲ್ಲಿ ಕಿರಣ ಒಂದೂವರೆ ಮೀಟರ್ ಆಚೆ ಬೀಳುತ್ತದೆ, ಗುರಿಯ ಬದಲು ಹಿಂದಿನ ದಿಬ್ಬದ ದೂರ ಬರುತ್ತದೆ. 2 ಕಿ.ಮೀ. ಗುರಿಗೆ 200 ಮೀಟರ್ ತಪ್ಪು ದೂರ ಕಂಪ್ಯೂಟರಿಗೆ ಹೋದರೆ, ಸೆಕೆಂಡಿಗೆ 1,700 ಮೀಟರ್ ವೇಗದ, ಬಾಣದಂಥ ಕವಚಭೇದಕ ಗುಂಡು ಸುಮಾರು 70 ಸೆಂ.ಮೀ. ಮೇಲೋ ಕೆಳಗೋ ಹೋಗುತ್ತದೆ. ಸೆಕೆಂಡಿಗೆ 900 ಮೀಟರ್ ಆಸುಪಾಸಿನ ಹೀಟ್ (HEAT, ಲೋಹದ ಧಾರೆಯಿಂದ ಕವಚ ಕೊರೆಯುವ) ಗುಂಡು ಎರಡೂವರೆ ಮೀಟರ್‌ಗೂ ಹೆಚ್ಚು ತಪ್ಪುತ್ತದೆ, ಅಂದರೆ ಟ್ಯಾಂಕಿನ ಎತ್ತರಕ್ಕಿಂತ ಹೆಚ್ಚು. ಈ ಹೊಂದಾಣಿಕೆ ಕಾರ್ಖಾನೆಯಲ್ಲಿ ಸರಿಯಿದ್ದರೆ ಸಾಲದು. ಕುಲುಕಾಟದ ನಂತರವೂ, ಶಾಖದ ಏರಿಳಿತದ ನಂತರವೂ ಉಳಿದಿದೆಯೇ ಎಂದು ಆಟೊಕಾಲಿಮೇಟರ್ (ಸಣ್ಣ ಕೋನ ಅಳೆಯುವ ದೃಷ್ಟಿ ಉಪಕರಣ) ಇಟ್ಟು ಮುಂಚೆ ಒಮ್ಮೆ, ಆಮೇಲೆ ಒಮ್ಮೆ ನೋಡಬೇಕು. ಮುಂಚಿನ ಓದನ್ನು ಬರೆದಿಡದೆ ಬಂಪ್ (ಕುಲುಕಾಟದ) ಪರೀಕ್ಷೆ ಮುಗಿಸಿದರೆ ಆ ಪರೀಕ್ಷೆಯೇ ವ್ಯರ್ಥ.

ಇನ್ನು ಕವಚ. ರಿಆ್ಯಕ್ಟಿವ್ ಕವಚದ ಡಬ್ಬಿಯಲ್ಲಿ ಎರಡು ಉಕ್ಕಿನ ತಗಡುಗಳ ನಡುವೆ ಸ್ಫೋಟಕ ಇರುತ್ತದೆ. ಹೀಟ್ ಗುಂಡಿನ ಲೋಹದ ಧಾರೆ ಬಡಿದಾಗ ಸ್ಫೋಟಕ ತಗಡುಗಳನ್ನು ಅತ್ತಿತ್ತ ತಳ್ಳುತ್ತದೆ, ಓಡುವ ತಗಡು ಧಾರೆಯನ್ನು ಕತ್ತರಿಸುತ್ತ ಹೋಗುತ್ತದೆ. ಧಾರೆ ಓರೆಯಾಗಿ ಬಿದ್ದರೆ ಮಾತ್ರ ಇದು ಚೆನ್ನಾಗಿ ನಡೆಯುತ್ತದೆ, ನೇರ ಲಂಬವಾಗಿ ಬಿದ್ದರೆ ಪ್ರಯೋಜನ ಬಹಳ ಕಡಿಮೆ. ಹೀಗಾಗಿ ಡಬ್ಬಿ ಹಿಡಿಯುವ ಬ್ರ್ಯಾಕೆಟ್ಟಿನ ಕೋನವೇ ಕವಚದ ಅರ್ಧ ಶಕ್ತಿ. ಮರಕ್ಕೋ ಗೋಡೆಗೋ ತಾಗಿ ಬ್ರ್ಯಾಕೆಟ್ ಮಣಿದರೆ ಡಬ್ಬಿ ಇದ್ದೂ ಇಲ್ಲದಂತೆ. ಸ್ಟಡ್ಡುಗಳ ಅಂತರ ತಪ್ಪಿದರೆ ಡಬ್ಬಿಗಳ ನಡುವೆ ಬಿರುಕು ಉಳಿಯುತ್ತದೆ, ಅಲ್ಲಿ ರಕ್ಷಣೆಯೇ ಇಲ್ಲ. ಇದಕ್ಕೆ ಒಂದೊಂದೇ ಸ್ಟಡ್ ಅಳೆದು ಬೆಸೆಯಬಾರದು, ಇಡೀ ಸಾಲಿಗೆ ಒಂದು ಫಿಕ್ಸ್ಚರ್ ಮಾಡಿಕೊಳ್ಳಬೇಕು. ಒಂದು ಮಾತು ಸ್ಪಷ್ಟವಿರಲಿ: ನಾವು ಕೇಳುತ್ತಿರುವುದು ಖಾಲಿ ಡಬ್ಬಿ, ಸ್ಟಡ್, ಬ್ರ್ಯಾಕೆಟ್ ಕೆಲಸ. ಸ್ಫೋಟಕ ತುಂಬುವುದು ಪರವಾನಗಿ ಪಡೆದ ಸ್ಫೋಟಕ ಕಾರ್ಖಾನೆಯ ಕೆಲಸ, ಅದು ಅಲ್ಲೇ ಇರಬೇಕು.

ಕವಚದ ಉಕ್ಕಿನ ವೆಲ್ಡಿಂಗ್ ಬಗ್ಗೆ ಧಾರವಾಡದವರಿಗೆ ವಿಶೇಷವಾಗಿ ಹೇಳಬೇಕು. ಟಾಟಾ ಹಿಟಾಚಿ ಇಲ್ಲಿ ಎಕ್ಸ್‌ಕವೇಟರ್ ಮಾಡಲು ಶುರು ಮಾಡಿದಾಗಿನಿಂದ ದಪ್ಪ ಪ್ಲೇಟು ಬೆಸೆಯುವ ಕೈಗಳು ಸಾಕಷ್ಟು ತಯಾರಾಗಿವೆ. ಆದರೆ ಬೂಮ್, ಬಕೆಟ್ ಬೆಸೆದ ಅಭ್ಯಾಸವನ್ನೇ ಇಲ್ಲಿಗೆ ತಂದರೆ ಕೆಡುತ್ತದೆ. ಕವಚದ ಉಕ್ಕು ಗಡಸು. ಹೈಡ್ರೋಜನ್ ಒಳಸೇರಿದರೆ ಬೆಸುಗೆ ಮುಗಿದಾಗ ಕಾಣದ ಬಿರುಕು ಒಂದೆರಡು ದಿನ ಕಳೆದ ಮೇಲೆ ಬಾಯಿ ಬಿಡುತ್ತದೆ. ಅದಕ್ಕೇ ಕೊನೆಯ ತಪಾಸಣೆಯನ್ನು 48 ಗಂಟೆ ಕಳೆದ ನಂತರ ಮಾಡಬೇಕು. ಜುಲೈ-ಆಗಸ್ಟಿನ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ತೆರೆದಿಟ್ಟ ರಾಡಿನ ಪ್ಯಾಕೆಟ್ ತೇವ ಹೀರುತ್ತದೆ. ಲೋ ಹೈಡ್ರೋಜನ್ ರಾಡನ್ನು 300ರಿಂದ 350 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಯಿಸಿ, ಆಮೇಲೆ 100 ಡಿಗ್ರಿಗೂ ಮೇಲಿರುವ ಒಲೆಯಲ್ಲೇ ಇಟ್ಟುಕೊಂಡು, ಬೇಕಾದಷ್ಟನ್ನೇ ಹೊರತೆಗೆಯಬೇಕು. ಪ್ಲೇಟನ್ನು ಮೊದಲು ಬೆಚ್ಚಗೆ ಮಾಡಬೇಕು, ಆದರೆ ಪಾಸುಗಳ (ಬೆಸುಗೆಯ ಪದರಗಳ) ನಡುವೆ 200 ಡಿಗ್ರಿ ದಾಟಿಸಬಾರದು. ದಾಟಿದರೆ ಗಡಸುತನ ಇಳಿದು ಬೆಸುಗೆಯ ಪಕ್ಕದಲ್ಲೇ ಮೆತ್ತನೆಯ ಪಟ್ಟಿ ಅಗಲವಾಗುತ್ತದೆ. ಆಸ್ಟೆನಿಟಿಕ್ ಸ್ಟೇನ್‌ಲೆಸ್ ರಾಡ್ ಬಳಸಿದರೆ ಬಿರುಕಿನ ಭಯ ಕಡಿಮೆ. ಆದರೆ ಆ ಬೆಸುಗೆಯನ್ನು ಮ್ಯಾಗ್ನೆಟಿಕ್ ಪೌಡರಿನಿಂದ ಪರೀಕ್ಷಿಸಲು ಬರುವುದಿಲ್ಲ, ಅದು ಅಯಸ್ಕಾಂತಕ್ಕೆ ಅಂಟುವುದಿಲ್ಲ. ಬಿರುಕಿಗೆ ಬಣ್ಣ ಇಳಿಸಿ ತೋರಿಸುವ ಡೈ ಪೆನೆಟ್ರಂಟ್ ಬೇಕು.

ಟ್ಯಾಂಕಿನ ಮೇಲೆಯೇ ಬೆಸೆಯುವ ಪ್ರಸಂಗ ಬಂದರೆ ಮೊದಲು ಬ್ಯಾಟರಿ ಮಾಸ್ಟರ್ ಸ್ವಿಚ್ ಆಫ್, ಸೈಟುಗಳ ಕನೆಕ್ಟರ್ ಬಿಚ್ಚುವುದು. ಅರ್ಥ್ ಕ್ಲ್ಯಾಂಪ್ ಬೆಸೆಯುವ ಭಾಗಕ್ಕೇ, ಒಂದು ಗೇಣು ದೂರದಲ್ಲಿ. ಟರೆಟ್ ಮೇಲೆ ಬೆಸೆಯುತ್ತ ಕ್ಲ್ಯಾಂಪನ್ನು ಕೆಳಗಿನ ಒಡಲಿಗೆ ಹಾಕಿದರೆ ಕರೆಂಟು ಟರೆಟ್ ಬೇರಿಂಗ್ ಮೂಲಕ ಹರಿದು ಅದರ ಉಕ್ಕಿನ ಗುಂಡುಗಳ ಮೇಲೆ ಗುಳಿ ಬೀಳಿಸುತ್ತದೆ, ಎಲೆಕ್ಟ್ರಾನಿಕ್ಸ್ ಸುಟ್ಟರೂ ಸುಟ್ಟೀತು.

ಉಕ್ರೇನ್ ಯುದ್ಧ ಶುರುವಾದ ನಂತರ ಎಲ್ಲರ ಬಾಯಲ್ಲೂ ಡ್ರೋನ್ ತಡೆಯುವ ಜಾಲರಿ. ಟರೆಟ್ಟಿನ ಮುಂಭಾಗಕ್ಕೆ ಹೋಲಿಸಿದರೆ ಮೇಲ್ಭಾಗ ಬಹಳ ತೆಳು, ಟಿ-72, ಟಿ-90ರಲ್ಲಿ 22 ಗುಂಡುಗಳ ಚಕ್ರ ಅದರ ಕೆಳಗೇ ಇದೆ. ಆದ್ದರಿಂದ ಬೇಡಿಕೆ ನ್ಯಾಯವಾದದ್ದು. ಆದರೆ ಜಾಲರಿ ಮಾಡುವವರು ಗನ್‌ಸೈಟ್ ಮಾಡುವವರ ಜೊತೆ ಕೂರದಿದ್ದರೆ ಒಂದನ್ನು ಉಳಿಸಲು ಹೋಗಿ ಇನ್ನೊಂದನ್ನು ಕಳೆಯುತ್ತೇವೆ. ಕಂಬಗಳು ಕಮಾಂಡರ್ ಸೈಟಿನ ಸುತ್ತುನೋಟಕ್ಕೆ ಅಡ್ಡ ಬರಬಾರದು. ಸೈಟ್ ತಲೆಯ ಎತ್ತರದಲ್ಲಿ ಕಂಬವೇ ಇಲ್ಲದಂತೆ ಮಾಡಲಾಗದಿದ್ದರೆ, ಗುಂಡು ಹಾರಿಸುವ ಮುಖ್ಯ ದಿಕ್ಕುಗಳನ್ನಾದರೂ ಬಿಡಿಸಬೇಕು. ಈ ಟ್ಯಾಂಕುಗಳಲ್ಲಿ ಗುಂಡು ಹಾರಿದ ಮೇಲೆ ಉಳಿಯುವ ಲೋಹದ ತಳ, ಟರೆಟ್ಟಿನ ಹಿಂಬದಿಯ ಸಣ್ಣ ಬಾಗಿಲಿನಿಂದ ಹೊರಕ್ಕೆ ಚಿಮ್ಮುತ್ತದೆ. ಜಾಲರಿಯ ಸರಳು ಆ ದಾರಿಯಲ್ಲಿದ್ದರೆ ಅದು ಬಡಿದು ಮರಳಿ ಬಾಗಿಲಿಗೇ ಸಿಕ್ಕೀತು. ಹ್ಯಾಚ್ ಪೂರ್ತಿ ತೆರೆಯಬೇಕು, ಯಾಕೆಂದರೆ ಬೆಂಕಿ ಬಿದ್ದಾಗ ಒಳಗಿನವರಿಗೆ ಸಿಗುವುದು ಸೆಕೆಂಡುಗಳು. ಗಾಳಿ ಅಳೆಯುವ ಸೆನ್ಸರ್ ಜಾಲರಿಯ ಮರೆಗೆ ಬಿದ್ದರೆ ತಪ್ಪು ಗಾಳಿ ಹೇಳುತ್ತದೆ. ಹೊಗೆಗುಂಡಿನ ನಳಿಕೆಗಳ ಮುಂದೆ, ಆಂಟೆನಾ ಬುಡದಲ್ಲಿ ಏನೂ ಇರಬಾರದು. ಸೈಟಿಗೆ ತೀರ ಹತ್ತಿರ ರಿಆ್ಯಕ್ಟಿವ್ ಡಬ್ಬಿ ಇಟ್ಟರೆ, ಅದು ತನ್ನ ಕೆಲಸ ಮಾಡಿದ ಕ್ಷಣದಲ್ಲೇ ಸೈಟಿನ ತಲೆ ಒಡೆಯುತ್ತದೆ. ನಡುವೆ ಉಕ್ಕಿನ ಮರೆ ಬೇಕು. ಜಾಲರಿಯನ್ನು ಕವಚಕ್ಕೆ ಬೆಸೆಯುವ ಬದಲು ಈಗಾಗಲೇ ಇರುವ ಕೊಕ್ಕೆ, ಬ್ರ್ಯಾಕೆಟ್ಟುಗಳಿಗೆ ಬೋಲ್ಟ್ ಮಾಡಿದರೆ ರೈಲಿಗೆ ಏರಿಸುವಾಗ ಬಿಚ್ಚಲೂ ಬರುತ್ತದೆ.

ತೂಕವನ್ನು ಯಾರೂ ಮೊದಲು ಕೇಳುವುದಿಲ್ಲ, ಕೊನೆಗೆ ಅದೇ ಕಾಡುತ್ತದೆ. 41.5 ಟನ್ನಿನ ಟಿ-72ಕ್ಕೆ ಒಂದೂವರೆ ಟನ್ ಸೇರಿಸಿದರೆ ಟಾರ್ಷನ್ ಬಾರ್, ಫೈನಲ್ ಡ್ರೈವ್, ಬ್ರೇಕ್ ಎಲ್ಲದರ ಆಯಸ್ಸು ಕುಗ್ಗುತ್ತದೆ. ತೂಕ ಟರೆಟ್ಟಿನ ಒಂದೇ ಕಡೆ ಬಿದ್ದರೆ ಇಳಿಜಾರಿನಲ್ಲಿ ತಿರುಗಿಸುವ ಮೋಟಾರಿಗೆ ಹೊರೆ, ಗನ್ ಅಲುಗದಂತೆ ಹಿಡಿಯುವ ಸ್ಟೆಬಿಲೈಸರಿಗೆ ಗೊಂದಲ. ಪ್ರತಿ ಭಾಗವನ್ನು ತೂಗಿ, ಅದರ ತೂಕದ ಕೇಂದ್ರವನ್ನು ಡ್ರಾಯಿಂಗಿನಲ್ಲಿ ಬರೆಯುವ ಅಭ್ಯಾಸ ವರ್ಕ್‌ಶಾಪಿನಿಂದಲೇ ಶುರುವಾಗಲಿ.

ಈಗ ಕೇಂದ್ರದ ವಿಷಯ. ಮೊದಲ ಹಂತದಲ್ಲಿ ಬೇಕಾದದ್ದು 20 ಡಿಗ್ರಿಯಲ್ಲಿ ಒಂದು ಡಿಗ್ರಿ ಆಚೀಚೆ ಮಾತ್ರ ಆಗುವ ಕೋಣೆ, ಅದರಲ್ಲಿ ಒಂದು ಮೀಟರ್ ವರ್ಗದ ಸಿಎಂಎಂ (ಮೂರೂ ದಿಕ್ಕಿನ ಅಳತೆ ಹಿಡಿಯುವ ಯಂತ್ರ), ಆಟೊಕಾಲಿಮೇಟರ್, ಗ್ರಾನೈಟ್ ಟೇಬಲ್, ಒತ್ತಡ ಇಳಿಕೆ ಮತ್ತು ಹೀಲಿಯಂ ಸೋರಿಕೆ ಪರೀಕ್ಷೆಯ ವ್ಯವಸ್ಥೆ. ಎರಡನೇ ಹಂತದಲ್ಲಿ ಮೈನಸ್ 40ರಿಂದ 85 ಡಿಗ್ರಿವರೆಗಿನ ಶಾಖದ ಪೆಟ್ಟಿಗೆ, ಕಂಪನ ಮತ್ತು ಬಂಪ್ ಯಂತ್ರ, ಧೂಳು ಮತ್ತು ಮಳೆಯ ಪೆಟ್ಟಿಗೆ. ಸೇನೆಯ ಜೆಎಸ್‌ಎಸ್ 55555 ಮಾನದಂಡದ ಹಲವು ಪರಿಸರ ಪರೀಕ್ಷೆಗಳು ಇಷ್ಟರಲ್ಲಿ ಮುಗಿಯುತ್ತವೆ. ವಿದ್ಯುತ್ಕಾಂತೀಯ ಪರೀಕ್ಷೆಯ ಕೋಣೆ ಈಗಲೇ ಬೇಡ. ಅದು ದುಬಾರಿ, ನಮ್ಮ ಬ್ರ್ಯಾಕೆಟ್, ಹೌಸಿಂಗುಗಳಿಗೆ ಅದರ ಅಗತ್ಯ ಕಡಿಮೆ, ಬೇಕಾದಾಗ ಬೆಂಗಳೂರಿಗೆ ಹೋಗಬಹುದು. ವೆಲ್ಡಿಂಗಿಗೆ ರಾಡ್ ಒಲೆ, ಗಡಸುತನ ಪರೀಕ್ಷೆ, ಅಲ್ಟ್ರಾಸಾನಿಕ್, ಡೈ ಪೆನೆಟ್ರಂಟ್ ಸಾಕು.

ಹಣಕ್ಕೆ ಮಾದರಿ ಹೊಸದಾಗಿ ಹುಡುಕಬೇಕಿಲ್ಲ. 2020ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ 400 ಕೋಟಿ ರೂಪಾಯಿಯ ರಕ್ಷಣಾ ಪರೀಕ್ಷಾ ಮೂಲಸೌಕರ್ಯ ಯೋಜನೆಯಲ್ಲಿ ಶೇ. 75 ಕೇಂದ್ರದ ಅನುದಾನ, ಉಳಿದ ಶೇ. 25 ಖಾಸಗಿ ಸಂಸ್ಥೆಗಳು ಮತ್ತು ರಾಜ್ಯ ಸರ್ಕಾರಗಳ ಕೂಟದ್ದು. ಉತ್ತರ ಪ್ರದೇಶ, ತಮಿಳುನಾಡಿನ ರಕ್ಷಣಾ ಕಾರಿಡಾರುಗಳ ಹೊರಗೂ ಪರೀಕ್ಷಾ ಕೇಂದ್ರ ಸ್ಥಾಪಿಸಬಹುದೆಂದು ಆ ಯೋಜನೆಯಲ್ಲೇ ಹೇಳಿತ್ತು. ಅದೇ ಅನುಪಾತದಲ್ಲಿ, ಕೇಂದ್ರದಿಂದಾಗಲಿ ರಾಜ್ಯದ 2022-27ರ ವೈಮಾಂತರಿಕ್ಷ ಮತ್ತು ರಕ್ಷಣಾ ನೀತಿಯ ಅಡಿಯಲ್ಲಾಗಲಿ, ಹುಬ್ಬಳ್ಳಿ-ಧಾರವಾಡಕ್ಕೆ ಒಂದು ಪ್ರಸ್ತಾವ ಸಿದ್ಧಪಡಿಸಿ ಕಳಿಸಿ ಎಂಬುದು ಸಚಿವರಲ್ಲಿ ನಮ್ಮ ಬೇಡಿಕೆ. ಉದ್ಯಮದ ಪಾಲನ್ನು ಒಟ್ಟುಗೂಡಿಸಲು ನಾವು ತಯಾರಿದ್ದೇವೆ.

ಕಾಲೇಜುಗಳ ಮುಖ್ಯಸ್ಥರಲ್ಲಿ ಬೇರೆ ಕೋರಿಕೆ. ಐಐಟಿ ಧಾರವಾಡ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ, ಎಸ್‌ಡಿಎಂ ಕಾಲೇಜುಗಳಲ್ಲಿ ಕಲಿಯುವ ಮಕ್ಕಳಿಗೆ ಬ್ರ್ಯಾಕೆಟ್ಟಿನ ಹಿಗ್ಗುವಿಕೆ, ಜಾಲರಿಯಿಂದ ಸೈಟಿಗೆ ಮರೆಯಾಗುವ ಕೋನ, ಸೇರಿಸಿದ ತೂಕದ ಕೇಂದ್ರ ಇವನ್ನು ಪ್ರಾಜೆಕ್ಟ್ ವಿಷಯವಾಗಿ ಕೊಡಿ. ಇದಕ್ಕೆ ಗುಪ್ತ ಮಾಹಿತಿ ಯಾವುದೂ ಬೇಕಿಲ್ಲ. ಮರದ ಅಥವಾ ತಗಡಿನ ಪೂರ್ಣ ಗಾತ್ರದ ಟರೆಟ್ ಮಾದರಿ ಒಂದಿದ್ದರೆ ಸಾಕು, ಅರ್ಧದಷ್ಟು ತಪ್ಪುಗಳು ಉಕ್ಕು ಕತ್ತರಿಸುವ ಮೊದಲೇ ಸಿಗುತ್ತವೆ.

ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ: ಪರೀಕ್ಷಾ ಕೇಂದ್ರದ ಆಡಳಿತ ಯಾವುದೇ ಒಂದು ಕಂಪನಿಯ ಕೈಗೆ ಹೋಗಬಾರದು. ಹೋದರೆ ಉಳಿದವರು ತಮ್ಮ ಡ್ರಾಯಿಂಗ್ ತರುವುದಿಲ್ಲ. ಮೊದಲ ದಿನದಿಂದಲೇ ಎನ್‌ಎಬಿಎಲ್ (ಪ್ರಯೋಗಾಲಯಗಳ ರಾಷ್ಟ್ರೀಯ ಮಾನ್ಯತಾ ಮಂಡಳಿ) ಮಾನ್ಯತೆಗೆ ಬೇಕಾದ ದಾಖಲೆ ಇಡಲು ಶುರು ಮಾಡಬೇಕು, ಮಾನ್ಯತೆ ಇಲ್ಲದ ವರದಿಯನ್ನು ಆವಡಿಯಲ್ಲಿ ಯಾರೂ ಒಪ್ಪುವುದಿಲ್ಲ. ಉಪಕರಣಗಳ ಕ್ಯಾಲಿಬ್ರೇಶನ್ ಹಣ ಪ್ರತಿ ವರ್ಷದ ಬಜೆಟ್ಟಿನಲ್ಲೇ ಇರಲಿ, ಯಂತ್ರ ಕೊಂಡು ಕ್ಯಾಲಿಬ್ರೇಶನ್ ಮರೆತ ಕೋಣೆ ಬೀಗ ಹಾಕಿದ ಕೋಣೆಗೆ ಸಮ. ಶಾಖದ ಪರೀಕ್ಷೆ ರಾತ್ರಿಯಿಡೀ ನಡೆಯುವಂಥದ್ದು, ಎರಡು ಪಾಳಿಗೆ ಆಪರೇಟರುಗಳನ್ನು ನೇಮಿಸಿ. ಯಾವ ಪರೀಕ್ಷೆಗೆ ಎಷ್ಟು ಶುಲ್ಕ, ಎಷ್ಟು ದಿನ ಕಾಯಬೇಕು ಎಂಬ ಪಟ್ಟಿ ಬಾಗಿಲಲ್ಲೇ ಹಾಕಿರಿ.

ಇಂತಿ ತಮ್ಮ ವಿಶ್ವಾಸಿಗಳು,
ಗೋಕುಲ ರಸ್ತೆ, ತಾರಿಹಾಳ ಮತ್ತು ಬೇಲೂರು ಕೈಗಾರಿಕಾ ಪ್ರದೇಶಗಳ ಕೆಲವು ವರ್ಕ್‌ಶಾಪ್ ಮಾಲೀಕರು, ವೆಲ್ಡಿಂಗ್ ಮೇಲ್ವಿಚಾರಕರು ಹಾಗೂ ಸೇನೆಯ ಇಎಂಇ (ಯಂತ್ರ ದುರಸ್ತಿ) ದಳದಿಂದ ನಿವೃತ್ತರಾದ ತಂತ್ರಜ್ಞರು